ಹೋಗುವಾಗ ಗಂಡ, ಬರುವಾಗ ಹೆಂಡತಿ

ಶಿಕಾಗೋ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಒಂದು ನಿಯಮವಿದೆ. ಯಾವ ಕನ್ನಡ ಕೂಟವೂ ಸಭೆ ಸೇರಿಸಿ ಅದನ್ನು ಪಾಸು ಮಾಡಿದ್ದಿಲ್ಲ. ಆದರೂ ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಪಾರ್ಟಿಗೆ ಹೋಗುವಾಗ ಗಂಡ ಡ್ರೈವ್ ಮಾಡುತ್ತಾನೆ, ಬರುವಾಗ ಹೆಂಡತಿ. ಹೊರಡುವ ಹೊತ್ತಿಗೆ ಬಾಗಿಲ ಬಳಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಲೇ, ಹೆಂಗಸು ಅಂಗೈ ಚಾಚುತ್ತಾಳೆ. ಗಂಡಸು ಜೇಬಿನಿಂದ ಕೀ ತೆಗೆದು ಅದರಲ್ಲಿಡುತ್ತಾನೆ. ಅಷ್ಟೇ. ಮಾತಿಲ್ಲ, ಕತೆಯಿಲ್ಲ.

ವುಡ್‌ರಿಡ್ಜಿನ ಬಾಲುವಿಗೆ ಈ ನಿಯಮದ ಮೇಲೆ ಬಹಳ ಅಭಿಮಾನ. "ಕುಡಿದು ಸ್ಟಿಯರಿಂಗ್ ಮುಟ್ಟೋ ಪೈಕಿ ಅಲ್ಲ ನಾನು" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಬೋಲಿಂಗ್‌ಬ್ರೂಕಿನ ದೊಡ್ಡ ಗೋದಾಮೊಂದರಲ್ಲಿ ಅವನದು ಮೇಲ್ವಿಚಾರಣೆಯ ಕೆಲಸ. ಮನೆಯ ಬೇಸ್‌ಮೆಂಟಿನಲ್ಲಿ ಗ್ರಾನೈಟ್ ಕಟ್ಟೆಯ ಬಾರು, ಬಾಟಲಿಗಳ ಹಿಂದೆ ಸಣ್ಣ ದೀಪ. ದೇವರ ಕೋಣೆಯಲ್ಲೂ ಅಂಥ ದೀಪವಿರಲಿಲ್ಲ. ವಾರದ ದಿನ ಸಂಜೆ ಎರಡು ಪೆಗ್ಗು, ವಾರಾಂತ್ಯದಲ್ಲಿ ಲೆಕ್ಕವಿಲ್ಲ. ಲಿವರಿನಲ್ಲಿ ಕೊಬ್ಬು ಸೇರಿದೆ ಅಂತ ಡಾಕ್ಟರು ಹೇಳಿದ್ದನ್ನು ಮನೆಗೆ ಬಂದು "ಸ್ವಲ್ಪ ಕೊಬ್ಬು" ಅಂತ ವರದಿ ಮಾಡಿದ್ದ. ಸ್ವಲ್ಪ ಎಂಬುದು ಅವನದೇ ಸೇರ್ಪಡೆ.

ಅವನ ಹೆಂಡತಿ ಸುಹಾಸಿನಿಯ ಕೆಲಸ ನೋಡಿದರೆ ನಗು ಬರಬೇಕು. ಶಿಕಾಗೋದ ಒಂದು ವಿಶ್ವವಿದ್ಯಾಲಯದಲ್ಲಿ ಅವಳು ಆಫ್ರಿಕಾದ ದೇಶಗಳಲ್ಲಿ ಕುಡಿತದಿಂದ ಜನರ ಆರೋಗ್ಯಕ್ಕೆ ಆಗುವ ಹಾನಿಯನ್ನು ಅಭ್ಯಾಸ ಮಾಡುತ್ತಿದ್ದಳು. ಎಷ್ಟು ಜನ ರಸ್ತೆಯಲ್ಲಿ ಸತ್ತರು, ಎಷ್ಟು ಜನ ಕ್ಷಯದ ಮಾತ್ರೆ ಅರ್ಧಕ್ಕೇ ಬಿಟ್ಟರು, ಎಷ್ಟು ಮನೆಗಳಲ್ಲಿ ಹೆಂಗಸರು ಮಕ್ಕಳು ಪೆಟ್ಟು ತಿಂದರು, ಇದೇ. ಬಾಲು ಗೆಳೆಯರ ಮುಂದೆ ಗ್ಲಾಸೆತ್ತಿ, "ನಮ್ಮವಳು ಆಫ್ರಿಕಾದ ಕುಡುಕರನ್ನ ನೋಡ್ಕೋತಾಳೆ, ಮನೇಲಿರೋನಿಗೆ ಟೈಮೇ ಕೊಡಲ್ಲ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಸುಹಾಸಿನಿಯೂ ತುಟಿ ಅಗಲಿಸುತ್ತಿದ್ದಳು.

ಬಾಲುವಿನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ನಗುವಿನಿಂದ. ತುಟಿ ಅಗಲಿಸುವ ಆ ನಗುವಲ್ಲ, ನಿಜವಾದದ್ದು. ಬೆಳಗಿನ ಆರಕ್ಕೆ ಸುಹಾಸಿನಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮಲಾವಿ ದೇಶದ ಡಾಕ್ಟರ್ ಲಿಂಬಾನಿ ಕಮಂಗಾ ಜೊತೆ ಮಾತಾಡುವುದು ಕೆಲವು ವರ್ಷಗಳ ರೂಢಿ. ಸಂಶೋಧನೆಯಲ್ಲಿ ಅವನು ಅವಳ ಜೊತೆಗಾರ. ಅಲ್ಲಿ ಆಗ ಮಧ್ಯಾಹ್ನ. ಒಂದು ಬೆಳಿಗ್ಗೆ ನೀರು ಕುಡಿಯಲು ಎದ್ದ ಬಾಲುವಿಗೆ ಮೆಟ್ಟಿಲ ಮೇಲೆಯೇ ಅವಳ ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕಿಕೊಂಡು ನಗುವ ನಗು. ಮದುವೆಯಾದ ಹೊಸದರಲ್ಲಿ ಬಾಲು ಆ ನಗುವನ್ನು ಕೇಳಿದ್ದ. ಅದು ಎಂದೋ ಮುಗಿದುಹೋಯಿತು, ವಯಸ್ಸಾಯಿತಲ್ಲ ಅಂದುಕೊಂಡಿದ್ದ. ಮುಗಿದಿರಲಿಲ್ಲ, ಬೇರೆಯವರಿಗೆ ಸಲ್ಲುತ್ತಿತ್ತು.

"ಏನಷ್ಟು ನಗು?" ಎಂದು ಕೇಳಿದ.

"ಏನಿಲ್ಲ ರೀ. ಅವರ ಮನೇದು ಏನೋ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಏನಿಲ್ಲ! ಗಂಡನ ಕಿವಿಗೆ ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ. ಅಂದಿನಿಂದ ಬಾಲು ಆರು ಗಂಟೆಗೆ ಎಚ್ಚರವಾಗಿ, ಹಾಸಿಗೆಯಲ್ಲೇ ಕಿವಿ ನಿಮಿರಿಸಿ ಮಲಗುವುದನ್ನು ಕಲಿತ.

ಜೂನಿನಲ್ಲಿ ಆ ಲಿಂಬಾನಿ ಒಂದು ತಿಂಗಳ ಮಟ್ಟಿಗೆ ಶಿಕಾಗೋಗೇ ಬಂದ. ಕನಿಷ್ಠ ಕುರೂಪಿಯಾದರೂ ಆಗಿರಬಾರದೇ? ಎತ್ತರದ ಆಳು, ಕಿವಿಯ ಬಳಿ ಒಂದಿಷ್ಟು ಬಿಳಿಕೂದಲು, ಮೆಲುದನಿ. ಊಟಕ್ಕೆ ಕರೆದ ದಿನ ಸುಹಾಸಿನಿ ರಾಗಿ ಮುದ್ದೆ ಮಾಡಿ ಬಸ್ಸಾರು ಕಾಯಿಸಿದಳು. ಅವಳ ತಾಯಿಯ ಕಡೆ ಮಂಡ್ಯ. ಆದರೂ ಬಾಲುವಿನ ತಟ್ಟೆಗೆ ಮುದ್ದೆ ಬಿದ್ದು ವರ್ಷಗಳೇ ಆಗಿದ್ದವು. ಸಂಜೆ ಅವನಿಗೆ ಗ್ಲಾಸಿನ ಪಕ್ಕಕ್ಕೆ ಕರಿದದ್ದು ಹುರಿದದ್ದು ಇದ್ದರೆ ಸಾಕಿತ್ತು. ಲಿಂಬಾನಿ ಕೈ ತೊಳೆದು ಬಂದು, ಮುದ್ದೆಯನ್ನು ಬೆರಳಲ್ಲಿ ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಸಾರಿಗೆ ಅದ್ದಿ ನುಂಗಿದ. ಅವನ ಊರಲ್ಲೂ ಮೆಕ್ಕೆಜೋಳದ ಹಿಟ್ಟಿನದು ಇಂಥದೇ ಉಂಡೆಯಂತೆ, ಹೀಗೇ ತಿನ್ನುತ್ತಾರಂತೆ. ಸುಹಾಸಿನಿ ಕೇಳದೆಯೇ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಬಾಲು ತನ್ನ ಕೈಯಲ್ಲಿದ್ದ ದೊಡ್ಡ ಅಸ್ತ್ರವನ್ನು ತೆಗೆದ. ಯಾರಿಗೂ ಬಿಚ್ಚದೆ ಇಟ್ಟುಕೊಂಡಿದ್ದ ಹದಿನೆಂಟು ವರ್ಷದ ಸ್ಕಾಚ್ ಬಾಟಲಿಯನ್ನು ಮೇಜಿನ ಮೇಲಿಟ್ಟು, "ಡಾಕ್ಟರ್, ಇದು ನಿಮಗೋಸ್ಕರ" ಎಂದ. ಲಿಂಬಾನಿ ಬಾಟಲಿಯನ್ನು ನೋಡಿದ. "ಚೆನ್ನಾಗಿರಬೇಕು. ನನಗೆ ಬೇಡ, ಥ್ಯಾಂಕ್ಸ್," ಎಂದು ಹೇಳಿ ಮಜ್ಜಿಗೆಯ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. ಉಪದೇಶವಿಲ್ಲ, ಮುಖ ಸಿಂಡರಿಸಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಬಾಲು ಒಬ್ಬನೇ ಸುರಿದುಕೊಂಡ, ಒಬ್ಬನೇ ಕುಡಿದ. ಮೇಜಿನ ಆಚೆ ಅವರಿಬ್ಬರೂ ಸೊಪ್ಪಿನ ಬಗ್ಗೆ ಮಾತಾಡುತ್ತಿದ್ದರು.

ಅದೇ ತಿಂಗಳ ಕೊನೆಯ ಶನಿವಾರಕ್ಕೆ ಡೆಟ್ರಾಯಿಟ್ ಪಕ್ಕದ ರಾಚೆಸ್ಟರ್ ಹಿಲ್ಸಿನಿಂದ ಕರೆ ಬಂತು. ಅಲ್ಲಿ ಕಾರಿನ ಬಿಡಿಭಾಗದ ಕಂಪನಿಯಲ್ಲಿರುವ ಧಾರವಾಡದ ಮಲ್ಲಪ್ಪ ಬಾಲುವಿನ ಹಳೆಯ ಗೆಳೆಯ. ಅವನ ಮನೆಯಲ್ಲಿ ಕನ್ನಡದವರೆಲ್ಲ ಮಧ್ಯಾಹ್ನದ ಊಟಕ್ಕೆ ಸೇರುವುದು, ಊಟಕ್ಕೆ ಮುಂಚೆ ಸುಹಾಸಿನಿ ಮತ್ತು ಲಿಂಬಾನಿ ತಮ್ಮ ಕೆಲಸದ ಬಗ್ಗೆ ಮಾತಾಡುವುದು ಎಂದು ಏರ್ಪಾಟಾಯಿತು. ಭಾನುವಾರ ಬೆಳಿಗ್ಗೆ ಲಿಂಬಾನಿಗೆ ಶಿಕಾಗೋದಿಂದ ವಿಮಾನ. ಹಾಗಾಗಿ ಹೋದ ದಿನವೇ ವಾಪಸು ಬರಬೇಕು. ಒಂದು ಕಡೆಗೆ ಮುನ್ನೂರು ಮೈಲಿ.

ಹಿಂದಿನ ದಿನ ಸುಹಾಸಿನಿ ಸೀರೆಗೆ ಇಸ್ತ್ರಿ ಮಾಡುತ್ತ ಹೇಳಿದಳು, "ರೀ, ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬಾರ್ದು. ನಾಳೆ ಬರೋವಾಗ್ಲೂ ನೀವೇ ಡ್ರೈವ್ ಮಾಡಿ. ಒಂದೇ ಒಂದು ಸಲ ನಾನು ಪಕ್ಕದ ಸೀಟಲ್ಲಿ ಕೂತು ನಿದ್ದೆ ಮಾಡ್ಕೊಂಡು ಬರ್ಬೇಕು."

"ಅಷ್ಟೇ ತಾನೆ? ಅದಕ್ಯಾಕೆ ಇಷ್ಟು ಪೀಠಿಕೆ?"

"ಕುಡಿಯಲ್ಲ ಅಂತ ಮಾತು ಕೊಡಿ."

"ಮಾತು. ನಿನ್ನಾಣೆ," ಎಂದು ಅವಳ ತಲೆ ಮುಟ್ಟಿದ. ಮುಟ್ಟಿದಾಗ ಅವಳು ಎಷ್ಟು ಸಂತೋಷಪಟ್ಟಳೆಂದರೆ, ಬಾಲುವಿಗೆ ತಾನೇ ಬಂಗಾರದ ಮನುಷ್ಯ ಅನಿಸಿತು. ಸೋಫಾದ ಮೇಲಿದ್ದ ಹದಿನೇಳರ ಮಗಳು ತನಿಷಾ ಫೋನಿನಿಂದ ಕಣ್ಣೆತ್ತಿ ಅಪ್ಪನನ್ನು ನೋಡಿ, ಮತ್ತೆ ಫೋನಿಗೇ ಇಳಿದಳು.

ಶನಿವಾರ ಬೆಳಕು ಹರಿಯುವ ಮೊದಲೇ ಹೊರಟರು. ಬಾಲು ಸ್ಟಿಯರಿಂಗಿಗೆ, ಪಕ್ಕದಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡ ತನಿಷಾ. ಭಾಷಣ ತಿದ್ದಬೇಕು ಎಂದು ಸುಹಾಸಿನಿ ಹಿಂದೆ ಲಿಂಬಾನಿಯ ಜೊತೆ ಕೂತಳು. ಇಂಡಿಯಾನಾ ದಾಟುವ ಹೊತ್ತಿಗೆ ಬಾಲುವಿಗೆ ತಾನು ಬಾಡಿಗೆ ಡ್ರೈವರ್ ಅನಿಸತೊಡಗಿತು. ಕನ್ನಡಿಯಲ್ಲಿ ಇಬ್ಬರ ತಲೆಗಳೂ ಒಂದೇ ಲ್ಯಾಪ್‌ಟಾಪಿನ ಮೇಲೆ ಬಾಗಿದ್ದವು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ: ಅವಳು ಪೆನ್ನು ಕೊಟ್ಟರೆ ಅದೊಂದು ಅರ್ಥ, ಅವನು ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟರೆ ಅದಕ್ಕೊಂದು ಅರ್ಥ. ಆದರೂ ಮಾತು ಕೊಟ್ಟಿದ್ದೇನೆ ಎಂದು ಹಲ್ಲುಕಚ್ಚಿ ಓಡಿಸಿದ.

"ಬರ್ರಿ ಬರ್ರಿ, ಒಳಗ ಬರ್ರಿ!" ಎಂದು ಮಲ್ಲಪ್ಪ ಬಾಗಿಲಲ್ಲೇ ಅಪ್ಪಿಕೊಂಡ. ಹಾಲಿನ ತುಂಬ ಜನ. ಬಾಲು ಬಂದವನೇ ತನ್ನ ಮಾಮೂಲಿ ಹೆಮ್ಮೆಯನ್ನು ಪ್ರದರ್ಶಿಸಿದ: "ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಕನ್ನಡದಲ್ಲಿ ನೂರರ ತನಕ ತಡವರಿಸದೆ ಎಣಿಸೋಳು ಅಂದ್ರೆ ನಮ್ಮ ತನೂನೇ. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು ಎಲ್ಲಾ ಬರುತ್ತೆ. ನಾವು ಕಲಿಸಿದ್ದು!" ತನಿಷಾ ಎಂದಿನಂತೆ ಮುಖ ಆಚೆ ತಿರುಗಿಸಿದಳು.

ಸುಹಾಸಿನಿ ಮೊದಲು ಮಾತಾಡಿದಳು. ನಮ್ಮ ಕರ್ನಾಟಕದಲ್ಲೂ ಪ್ಯಾಕೆಟ್ ಸಾರಾಯಿ ಇತ್ತು, ನೆನಪಿದೆಯಾ ಎಂದು ಶುರುಮಾಡಿ, ಮಲಾವಿಯಲ್ಲೂ ಅಂಥವೇ ಪ್ಯಾಕೆಟ್ಟುಗಳು ಬಂದದ್ದು, ಅವನ್ನು ನಿಷೇಧಿಸಿದರೆ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳು ಬಂದದ್ದು ಹೇಳಿದಳು. ಆಮೇಲೆ ಲಿಂಬಾನಿ ಎದ್ದ. ತನ್ನ ದೇಶದಲ್ಲಿ ಬಹಳ ಜನ ಕುಡಿಯುವುದೇ ಇಲ್ಲ, ಕುಡಿಯುವವರು ಮಾತ್ರ ವಿಪರೀತ ಕುಡಿಯುತ್ತಾರೆ ಎಂದ. "ಐದು ಜನರ ಮನೆಯಲ್ಲಿ ಒಬ್ಬ ಐದು ಗ್ಲಾಸು ಕುಡಿದರೆ ಸರಾಸರಿ ತಲೆಗೊಂದೇ ಗ್ಲಾಸು. ಕಾಗದದ ಮೇಲೆ ಆ ಮನೆ ಸುಖವಾಗಿದೆ. ಉಳಿದ ನಾಲ್ವರನ್ನು ಯಾರೂ ಕೇಳುವುದಿಲ್ಲ."

ನಂತರ ತನ್ನ ಮನೆಯ ಕತೆ ಹೇಳಿದ. ಅವನಪ್ಪ ಸ್ಕೂಲು ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಊರಲ್ಲಿ ಮರ್ಯಾದೆ, ಒಂದು ದಿನವೂ ಬೀದಿಯಲ್ಲಿ ಬಿದ್ದವನಲ್ಲ. ನೆಂಟರ ಮನೆಗೆ ಹೋಗುವಾಗ ಅಪ್ಪ ಸೈಕಲ್ ತುಳಿಯುತ್ತಿದ್ದ, ಅಮ್ಮ ಹಿಂದೆ ಕೂರುತ್ತಿದ್ದಳು. ಬರುವಾಗ ಅಪ್ಪ ತೂರಾಡುತ್ತ ಪಕ್ಕದಲ್ಲಿ ನಡೆದರೆ, ಅಮ್ಮ ಸೈಕಲ್ ತಳ್ಳುತ್ತಿದ್ದಳು. "ನನ್ನ ದೇಶದ ಲೆಕ್ಕಾಚಾರದಲ್ಲಿ ಆ ಸೈಕಲ್ ತಳ್ಳಿದವಳು ಎಲ್ಲಿಯೂ ಇಲ್ಲ," ಎಂದ ಲಿಂಬಾನಿ.

ಗಂಡಸರು ಆಫ್ರಿಕಾದ ಬಗ್ಗೆ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದರು. ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಮಲ್ಲಪ್ಪನ ಹೆಂಡತಿ ಪದ್ಮ, ಯಾರಿಗೂ ಹೇಳಿದ್ದಲ್ಲವೆಂಬಂತೆ, ಆದರೆ ಎಲ್ಲರಿಗೂ ಕೇಳುವಂತೆ, "ಆ ಸೈಕಲ್ಲ ನಮ್ಮ ಮನ್ಯಾಗೂ ಐತ್ರಿ. ನಾಕು ಗಾಲೀದು," ಎಂದಳು. ಹೆಂಗಸರೆಲ್ಲ ಒಮ್ಮೆಗೇ ನಕ್ಕರು. ಸುಹಾಸಿನಿಯೂ ನಕ್ಕಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಲುವಿನ ಮೈಯೆಲ್ಲ ಉರಿದುಹೋಯಿತು. ಇವಳೇ ಹೇಳಿದ್ದಾಳೆ! ನಮ್ಮ ಮನೆಯ ಕೀ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಬೆಳಗಿನ ಆರು ಗಂಟೆಗೆ ಇವನ ಮುಂದೆ ಹೇಳಿ ನಕ್ಕಿದ್ದಾಳೆ. ಅವನು ಅದನ್ನೇ ಸೈಕಲ್ ಮಾಡಿ, ನಮ್ಮ ಜನರ ಮುಂದೆ, ನನ್ನ ಗೆಳೆಯನ ಮನೆಯಲ್ಲಿ ಬಿಚ್ಚಿಟ್ಟಿದ್ದಾನೆ. ಅವಳ ಗುಟ್ಟುಗಳಿಗೆ ಅವನು ಗಂಡ, ನಾನು ಡ್ರೈವರು.

ಚಪ್ಪಾಳೆ ಮುಗಿಯುವುದಕ್ಕೂ ಮಲ್ಲಪ್ಪ ಬಂದು ಹೆಗಲ ಮೇಲೆ ಕೈ ಹಾಕುವುದಕ್ಕೂ ಸರಿಹೋಯಿತು. "ಭಾಷಣ ಮುಗೀತಲ್ಲ, ಇನ್ನ ಕೆಳಗ ನಡೀರಿ. ಗಂಟಲಾ ಒಣಗೇತಿ."

"ಇಷ್ಟೆಲ್ಲ ಕೇಳಿದ ಮೇಲೂ?" ಎಂದು ಯಾರೋ ತಮಾಷೆ ಮಾಡಿದರು.

"ಅದು ಅಲ್ಲಿ ಮಂದಿ ಸುದ್ದಿರೀ. ನಾವೇನ್ ಪ್ಯಾಕೆಟ್ ಕುಡೀತೀವೇನು?"

ಹೀಗೆ, ಕುಡಿತದ ಹಾನಿಯ ಬಗ್ಗೆ ಎರಡು ಭಾಷಣ ಕೇಳಿದ ಗಂಡಸರು ಎಂದಿನಂತೆ ಸಾಲಾಗಿ ಬೇಸ್‌ಮೆಂಟಿಗೆ ಇಳಿದರು. ಅದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಬಾಲು ಕೊನೆಯ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತ. ಅವಳ ತಲೆಯ ಮೇಲಿಟ್ಟ ಕೈ ನೆನಪಾಯಿತು. ಆದರೆ ಮೇಲಿನಿಂದ ಮತ್ತೆ ನಗು ಕೇಳಿಸಿತು, ಹೆಂಗಸರ ನಗು, ನಡುವೆ ಆ ಮೆಲುದನಿ. ಇವನೊಬ್ಬ ಗಂಡಸು, ಕೆಳಗೆ ಬಾರದೆ ಅಡುಗೆಮನೆಯಲ್ಲಿ ಅವರೊಂದಿಗೇ ನಿಂತಿದ್ದಾನೆ! ಆಣೆ ಅವಳ ಮೇಲೆ ತಾನೆ ಇಟ್ಟದ್ದು, ಆ ಆಣೆಯ ಬೆಲೆ ಅವಳಿಗೇ ಇಲ್ಲದ ಮೇಲೆ ನನಗೇನು ಎಂದುಕೊಂಡು ಬಾಲು ಮೊದಲ ಗ್ಲಾಸನ್ನು ನೀರು ಬೆರೆಸದೆ ಎತ್ತಿದ. ಅಂದು ಅವನು ಕುಡಿದದ್ದು ರುಚಿಗಲ್ಲ, ಗೆಳೆತನಕ್ಕೂ ಅಲ್ಲ. ಅವಳಿಗೆ ನೋವಾಗಲಿ ಎಂದು. ಊಟದ ತಟ್ಟೆಯನ್ನು ಕೆಳಗೇ ತರಿಸಿಕೊಂಡ. ಅದರಲ್ಲಿ ಅರ್ಧ ಹಾಗೇ ಉಳಿಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೋಡೆ ಹಿಡಿದುಕೊಂಡು ಮೇಲೆ ಬಂದ. ಸಿಂಕಿನ ಬಳಿ ಸುಹಾಸಿನಿ ಮತ್ತು ಲಿಂಬಾನಿ ಇಬ್ಬರೇ ನಿಂತಿದ್ದರು. ಅವನು ಏನೋ ಹೇಳುತ್ತಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಉರಿಯುವ ಬೆಂಕಿಗೆ ಇಷ್ಟು ತುಪ್ಪ ಸಾಕಿತ್ತು.

"ಡಾಕ್ಟರ್," ಎಂದು ಬಾಲು ಹಾಲಿನವರಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಿದ, "ನಾಳೆ ವಿಮಾನದಲ್ಲಿ ನಿಮಗೆ ಒಂದೇ ಸೀಟು ಸಾಕಾ? ಎರಡು ಬೇಕಿದ್ದರೆ ಹೇಳಿ, ನಾನೇ ಬುಕ್ ಮಾಡ್ತೀನಿ."

ಪದ್ಮಳ ಕೈಯ ಸೌಟು ಅಲ್ಲೇ ನಿಂತಿತು. ಲಿಂಬಾನಿ ಬಾಲುವನ್ನು ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ, ಹಳೆಯ ಪರಿಚಯದವನನ್ನು ಗುರುತು ಹಿಡಿದವನ ನೋಟ ಅದು. ಸುಹಾಸಿನಿ ಬಾಗಿಲ ತನಕ ಬಂದು ಅಂಗೈ ಚಾಚಿದಳು. ಇಷ್ಟು ವರ್ಷದ ಅಭ್ಯಾಸ, ಬಾಲುವಿನ ಕೈ ತಾನಾಗಿಯೇ ಜೇಬಿಗೆ ಹೋಗಿ ಕೀ ತಂದು ಅದರಲ್ಲಿಟ್ಟಿತು. ಇಟ್ಟ ಮೇಲೆ ಏನು ಮಾಡಿದೆನೆಂದು ಅವನಿಗೆ ಹೊಳೆಯಿತು.

"ಮಾತು ಕೊಟ್ಟಿದ್ರಿ," ಎಂದಳು. ದನಿ ಏರಿಸಲಿಲ್ಲ. "ನನಗೆ ಇವತ್ತು ಆಗಲ್ಲ ರೀ. ನಿಜವಾಗ್ಲೂ ಆಗಲ್ಲ. ಕಣ್ಣು ಎಳೀತಿದೆ."

"ಕೊಡು, ಅವನಿಗೇ ಕೊಡು! ಅವನೇ ಕರ್ಕೊಂಡು ಹೋಗ್ಲಿ!"

ಅವಳು ಅವನ ಕಡೆ ನೋಡಲೂ ಇಲ್ಲ. "ತನೂ," ಎಂದಳು.

ತನಿಷಾ ಆಗಲೇ ಬೂಟು ಹಾಕಿಕೊಂಡು ನಿಂತಿದ್ದಳು. ಕೀ ತೆಗೆದುಕೊಂಡಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹಿಂದಿನ ದಿನ ಸೋಫಾದಿಂದ ಕಣ್ಣೆತ್ತಿ ನೋಡಿದಾಗಲೇ ಅವಳಿಗೆ ಗೊತ್ತಿತ್ತು ಎಂಬುದು ಬಾಲುವಿಗೆ ಆಗ ತಿಳಿಯಿತು. ಬೇಸ್‌ಮೆಂಟಿನ ಎಲ್ಲ ಗ್ಲಾಸುಗಳೂ ಸೇರಿ ಮಾಡದಷ್ಟು ತಲೆ ತಿರುಗಿತು.

ಸುಹಾಸಿನಿ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿದ್ದೇ ತಡ, ನಿದ್ದೆ ಹೋದಳು. ಹಿಂದಿನ ಸೀಟಿನಲ್ಲಿ ಬಾಲು ಮತ್ತು ಲಿಂಬಾನಿ, ನಡುವೆ ಪದ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟು. ಆನ್ ಆರ್ಬರ್ ದಾಟಿತು. ಪಶ್ಚಿಮಕ್ಕೆ ಇಳಿದ ಸೂರ್ಯ ಮುಂದಿನ ಗಾಜಿನಿಂದ ನೇರ ಕಣ್ಣಿಗೆ ಹೊಡೆಯುತ್ತಿದ್ದ. ತನಿಷಾ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಒಂದೇ ಸಮನೆ ಓಡಿಸುತ್ತಿದ್ದಳು.

ಕೊನೆಗೆ ಬಾಲುವೇ ಕೇಳಿದ. ನಾಲಿಗೆ ದಪ್ಪವಾಗಿತ್ತು, ಕೇಳದೆ ಇರಲಾಗಲಿಲ್ಲ. "ದಿನಾ ಬೆಳಿಗ್ಗೆ ನನ್ನ ಬಗ್ಗೆ ಏನೇನು ಹೇಳ್ತಾಳೆ?"

"ನಿನ್ನ ಬಗ್ಗೆಯೇ? ಒಂದು ಮಾತೂ ಇಲ್ಲ," ಎಂದ ಲಿಂಬಾನಿ. "ನಾಲ್ಕು ವರ್ಷದಲ್ಲಿ ಒಂದೂ ಇಲ್ಲ. ನಾನೇ ಎಷ್ಟೋ ಸಲ ಯೋಚಿಸಿದ್ದೇನೆ, ಇವಳಿಗೆ ಗಂಡ ಇದ್ದಾನೋ ಇಲ್ಲವೋ ಎಂದು."

"ಮತ್ತೆ ಆ ಸೈಕಲ್?"

"ಸೈಕಲ್ ನನ್ನಪ್ಪನದು. ಹೋದ ಕಡೆಯೆಲ್ಲ ಹೇಳುತ್ತೇನೆ. ಇವತ್ತು ಹೆಂಗಸರು ನಕ್ಕಾಗ ಯಾಕೆ ನಗುತ್ತಾರೆಂದು ನನಗೆ ತಿಳಿಯಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಅವರೇ ಹೇಳಿದರು."

ಬಾಲು ಕಿಟಕಿಯಾಚೆ ನೋಡಿದ. ಹೆಗಲ ಮೇಲೆ ಕುಂಬಳಕಾಯಿಯ ಬೂದಿ ಇದ್ದದ್ದು ನಿಜವೇ, ಯಾರೂ ಹುಡುಕುವ ಮೊದಲು ತಾನೇ ತೋರಿಸಿಕೊಂಡಿದ್ದ. "ಹಾಗಾದ್ರೆ ನಗೋದ್ಯಾಕೆ ಅವಳು?" ಎಂದ. ಈಗ ಆ ದನಿಯಲ್ಲಿ ಸಿಟ್ಟಿಗಿಂತ ಬೇಡಿಕೆಯೇ ಹೆಚ್ಚಿತ್ತು.

"ನನ್ನ ಅಮ್ಮನ ಗೊರಕೆಗೆ," ಎಂದು ಲಿಂಬಾನಿ ಮೊದಲ ಸಲ ಮುಗುಳ್ನಕ್ಕ. "ಇಲ್ಲಿ ಬೆಳಗಾದಾಗ ಅಲ್ಲಿ ಮಧ್ಯಾಹ್ನ. ಅಮ್ಮ ಊಟ ಮುಗಿಸಿ ನಾನು ಕೂತ ಕೋಣೆಯಲ್ಲೇ ಸೋಫಾದ ಮೇಲೆ ಮಲಗುತ್ತಾಳೆ. ಗೊರಕೆಯೆಂದರೆ ಲಾರಿ ಹೋದ ಹಾಗೆ. ಅದು ಕೇಳಿಸಿದರೆ ನಿನ್ನ ಹೆಂಡತಿಗೆ ನಗು ತಡೆಯಲು ಆಗುವುದಿಲ್ಲ. ಒಂದು ದಿನ ನಗುತ್ತ ನಗುತ್ತ ಹೇಳಿದಳು, ನಿಮ್ಮ ಅಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು." ಅವನು ಮುಂದಿನ ಸೀಟಿನ ಕಡೆ ನೋಡಿದ. "ಇವತ್ತು ಕೇಳಿದಳು, ಅಮ್ಮನಿಗೆ ಮೊದಲಿಂದಲೂ ಇಂಥ ನಿದ್ದೆಯೇ ಎಂದು. ಇಲ್ಲ, ಅಪ್ಪ ಸತ್ತ ಮೇಲೆ ಬಂದದ್ದು ಎಂದೆ. ಹೇಳಬಾರದಿತ್ತೇನೋ. ಆಗ ನೀನು ಬಂದೆ."

ಮುಂದಿನ ಸೀಟಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ಸುಹಾಸಿನಿಯ ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರೆ ತೆರೆದಿತ್ತು. ಅವಳು ಹೀಗೆ ನಿದ್ದೆ ಮಾಡಿದ್ದನ್ನು ನೋಡಿದ ನೆನಪೇ ಬಾಲುವಿಗೆ ಇರಲಿಲ್ಲ. ಪ್ರತಿ ಸಲ ಆ ಸೀಟಿನಲ್ಲಿ ಬಾಯಿ ತೆರೆದು ಮಲಗುತ್ತಿದ್ದವನು ಅವನೇ.

ಕಲಮಜೂ ದಾಟಿದ ಮೇಲೆ ತನಿಷಾ ಏನೋ ಗುಣುಗುಟ್ಟತೊಡಗಿದಳು. ಬಾಲು ಮುಂದಕ್ಕೆ ಬಾಗಿ ಕೇಳಿಸಿಕೊಂಡ.

"ಎಪ್ಪತ್ತೆರಡು," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅರವತ್ತಾರು."

ಅವಳು ರಸ್ತೆಯ ಬದಿಯ ಎಕ್ಸಿಟ್ ಬೋರ್ಡುಗಳನ್ನು, ಹೆದ್ದಾರಿಯಿಂದ ಊರಿಗೆ ತಿರುಗುವ ದಾರಿಗಳ ನಂಬರುಗಳನ್ನು, ಓದುತ್ತಿದ್ದಳು. ಕನ್ನಡದಲ್ಲಿ.

"ಏನು ಪುಟ್ಟಾ ಅದು?"

ತನಿಷಾ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿ ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದಳು. ವಾಪಸು ಬರುವಾಗ ತಾನೂ ಅಮ್ಮನೂ ಆಡುವ ಆಟ ಇದು. ತಾನು ಎರಡನೇ ಕ್ಲಾಸಿನಲ್ಲಿದ್ದಾಗ ಇದೇ ರಸ್ತೆಯಲ್ಲಿ ಅಮ್ಮನಿಗೆ ತೂಕಡಿಕೆ ಬಂದು ಗಾಡಿ ಬದಿಗೆ ಸರಿದು ರಸ್ತೆಯಂಚಿನ ಉಬ್ಬುತಗ್ಗಿನ ಮೇಲೆ ಗಡಗಡ ಸದ್ದಾಗಿತ್ತು. ತಾನು ಕಿರುಚಿದ್ದಕ್ಕೆ ಅಮ್ಮನಿಗೆ ಎಚ್ಚರವಾಯಿತು. ಅವತ್ತಿನಿಂದ ಶುರು: ಅಮ್ಮ ಎಕ್ಸಿಟ್ಟಿನ ನಂಬರನ್ನು ಕನ್ನಡದಲ್ಲಿ ಹೇಳಬೇಕು, ತಾನು ಊರಿನ ಹೆಸರು ಹೇಳಬೇಕು, ಆಮೇಲೆ ಅದಲುಬದಲು. ಇಬ್ಬರಲ್ಲಿ ಯಾರು ಸುಮ್ಮನಾದರೂ ಇನ್ನೊಬ್ಬರಿಗೆ ತಿಳಿಯಬೇಕು. "ಅಪ್ಪಾ, ನೀವು ಆ ಗಡಗಡಕ್ಕೂ ಏಳಲಿಲ್ಲ," ಎಂದಳು. ದೂರುವ ದನಿಯಲ್ಲ, ನಡೆದದ್ದನ್ನು ಹೇಳಿದಳು, ಅಷ್ಟೇ.

ನಾವು ಕಲಿಸಿದ್ದು, ಎಂದು ಬೆಳಿಗ್ಗೆ ಊರೆಲ್ಲ ಸಾರಿದ್ದ. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು. ಮಗಳ ಕನ್ನಡವೆಲ್ಲ ಭಯದಲ್ಲಿ ಕಲಿತದ್ದು.

"ಊರಿನ ಹೆಸರು ನಾನು ಹೇಳಲೇ?" ಎಂದು ಲಿಂಬಾನಿ ಕೇಳಿದ.

"ಪ್ಲೀಸ್," ಎಂದಳು ತನಿಷಾ.

"ಅರವತ್ತು."

"ಪಾ ಪಾ," ಎಂದ ಲಿಂಬಾನಿ. ಊರಿನ ಹೆಸರಿಗೆ ಇಬ್ಬರೂ ನಕ್ಕರು.

"ನಲವತ್ತಾರು."

"ಹಾರ್ಟ್‌ಫರ್ಡ್."

ಬಾಲುವಿಗೆ ಮತ್ತೆ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಆದರೆ ಇದು ಬೆಳಗಿನ ಕಿಚ್ಚಲ್ಲ. ಮುಂದಿನ ಎರಡು ಸೀಟುಗಳ ನಡುವೆ ಇಷ್ಟು ವರ್ಷ ಒಂದು ಸಂಸಾರ ನಡೆದಿತ್ತು. ಒಬ್ಬರನ್ನೊಬ್ಬರು ಬದುಕಿಸಿಕೊಂಡು ಮನೆ ಮುಟ್ಟಿಸಿದ ಸಂಸಾರ. ಅದರಲ್ಲಿ ಅವನು ಇರಲಿಲ್ಲ. ನಿನ್ನೆ ಮೊನ್ನೆ ಬಂದ ಪರವೂರಿನವನಿಗೆ ಅದರಲ್ಲಿ ಜಾಗ ಸಿಕ್ಕಿತು. ಬಾಲುವಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚಾಯಿತು, ಮಗಳ ಮೇಲೂ ಆಯಿತು. ಕೈ ನೀಡಿ ಆ ಸೀಟಿನ ಬೆನ್ನು ಹಿಡಿದು, "ನಾನೂ ಹೇಳ್ತೀನಿ ಪುಟ್ಟಾ," ಎಂದ.

"ಬೇಡ ಅಪ್ಪಾ," ಎಂದಳು ತನಿಷಾ ಇಂಗ್ಲಿಷಿನಲ್ಲಿ, ಮೃದುವಾಗಿಯೇ, ಪುಟ್ಟ ಮಗುವಿಗೆ ಹೇಳುವಂತೆ. "ಅದಕ್ಕೆ ಎಚ್ಚರ ಇರ್ಬೇಕು. ನೀವು ಮಲ್ಕೊಳ್ಳಿ."

ಅವನು ಮಲಗಲಿಲ್ಲ. ಬೆಂಟನ್ ಹಾರ್ಬರ್ ಹೋಯಿತು. ದೊಡ್ಡ ಸರೋವರದ ಪಕ್ಕದ ರಸ್ತೆಯಲ್ಲಿ ಲಿಂಬಾನಿಗೂ ಕಣ್ಣು ಮುಚ್ಚಿತು. ಹೇಳುತ್ತಿದ್ದ ಊರಿನ ಹೆಸರು ಬಾಯಲ್ಲೇ ನಿಂತಿತು. ತನಿಷಾ "ಹದಿನಾರು" ಎಂದಾಗ ಯಾರೂ ಉತ್ತರಿಸಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತು, ಕಿಟಕಿಯನ್ನು ಒಂದಿಷ್ಟು ಇಳಿಸಿದಳು. ಮಗಳಿಗೂ ತೂಕಡಿಕೆ ಬರುತ್ತಿದೆ ಎಂದು ಬಾಲುವಿಗೆ ಗೊತ್ತಾಯಿತು. ಕಣ್ಣನ್ನು ಅಗಲ ಮಾಡಿ ರಸ್ತೆಯ ಬದಿಗೆ ನೋಡಿದ. ಬೋರ್ಡುಗಳು ಎರಡೆರಡಾಗಿ ಕಾಣುತ್ತಿದ್ದವು. ಹಸಿರು ಬಂತು, ಬಿಳಿಯ ಅಕ್ಷರ ಬಂತು. ಹನ್ನೆರಡು. ಸಾಯರ್. ಓದಿದ; ಅದು ತಲೆಯಿಂದ ನಾಲಿಗೆಗೆ ಇಳಿಯಲು ಹೊತ್ತಾಯಿತು.

"ಹನ್ನೆರಡು," ಎಂದ ಗಟ್ಟಿಯಾಗಿ. "ಹನ್ನೆರಡು, ಸಾಯರ್."

ತನಿಷಾ ಕನ್ನಡಿಯಲ್ಲಿ ನೋಡಲಿಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು.

"ಅದು ಆಗ್ಲೇ ಹೋಯ್ತು, ಅಪ್ಪಾ," ಎಂದಳು, ಕನ್ನಡದಲ್ಲಿ.

ಸುಹಾಸಿನಿ ನಿದ್ದೆಯಲ್ಲೇ ಮಗ್ಗುಲು ಬದಲಿಸಿದಳು. ಅವಳ ಬಲಗೈ, ಅಂಗೈ ಮೇಲಾಗಿ, ತೊಡೆಯ ಮೇಲೆ ಬಿಚ್ಚಿಕೊಂಡಿತ್ತು. ಬಾಲು ಬೆಲ್ಟನ್ನು ಎಳೆದು, ಎರಡು ಸೀಟುಗಳ ನಡುವೆ ಮುಂದಕ್ಕೆ ಬಾಗಿ, ಮುಂದಿನ ಬೋರ್ಡಿಗಾಗಿ ನೋಡುತ್ತ ಕೂತ.